ಡಬ್ಬಿಯ ಮೇಲಿನ ಅಂಕಿ, ಪೈಪಿನೊಳಗಿನ ನೀರು

ಕೆಮ್ಮಣ್ಣುಗುಂಡಿಯ ಘಾಟಿ ಇಳಿದು, ಲಿಂಗದಹಳ್ಳಿ, ತರೀಕೆರೆ ದಾಟಿ ಅಮೃತಾಪುರದ ಅಮೃತೇಶ್ವರನ ಗುಡಿಗೆ ಬರುವ ಪ್ರವಾಸಿಗರು ಮೊದಲು ಬೆರಗಾಗುವುದು ಅಲ್ಲಿನ ಕಂಬಗಳನ್ನು ಕಂಡು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಗುಡಿ ಅದು. ಕಂಬಗಳ ನುಣುಪು, ಹೊಳಪು ನೋಡಿ 'ಲೇತಿಗೆ ಕೊಟ್ಟು ತಿರುಗಿಸಿದ ಹಾಗಿದೆಯಲ್ಲ' ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಹೊರಗೆ ನಿಂತಿರುವ ಅವರದೇ ಕಾರಿನ ಮುಂದಿನ ಚಕ್ರದೊಳಗೆ ನಿಜಕ್ಕೂ ಲೇತಿನಲ್ಲಿ ತಿರುಗಿಸಿದ ಇನ್ನೊಂದು ನುಣುಪಾದ ವಸ್ತುವಿದೆ. ಅದು ಬ್ರೇಕಿನ ಡಿಸ್ಕು. ಅದರ ಕಡೆ ಯಾರೂ ನೋಡುವುದಿಲ್ಲ. ಘಾಟಿಯಲ್ಲಿ ಮೂಗಿಗೆ ಬಡಿದಿದ್ದ ಸುಟ್ಟ ವಾಸನೆಯೂ ಅಷ್ಟು ಹೊತ್ತಿಗೆ ಮರೆತುಹೋಗಿರುತ್ತದೆ.

ಆ ವಾಸನೆಗೊಂದು ಲೆಕ್ಕವಿದೆ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿದೆ. ತರೀಕೆರೆಯ ಬಯಲು ಹೆಚ್ಚುಕಡಿಮೆ ಅದರ ಅರ್ಧ. ಜನ, ಸಾಮಾನು ಸೇರಿ 1200 ಕಿಲೋ ತೂಗುವ ಕಾರು 700 ಮೀಟರ್ ಕೆಳಗಿಳಿದರೆ ಸುಮಾರು 82 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಿ ಸೇರಲೇಬೇಕು. ಎರಡು ಕೊಡ ತಣ್ಣೀರನ್ನು, ಎಂದರೆ 26 ಲೀಟರ್ ನೀರನ್ನು ಕುದಿಯುವ ಹದಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಚಾಲಕ ಎರಡನೇ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ನು ನುಂಗುತ್ತದೆ. ಪೆಟ್ರೋಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿಗೆ ಹಾಕಿ ಬ್ರೇಕ್ ಒತ್ತುತ್ತಾ ಬಂದರೆ ಬಹುಪಾಲು ಶಾಖ ಡಿಸ್ಕಿಗೇ ಗತಿ.

ಈಗ ಇದೇ ಸೀಮೆಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಅಮೃತಾಪುರದ ಕಡೆ ಅಡಿಕೆ ತೋಟ, ಬೆಂಗಳೂರಿನಲ್ಲಿ ಕೆಲಸ, ಸ್ವಂತಕ್ಕೊಂದು ಚುರುಕಾದ ಪುಟ್ಟ ಕಾರು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಧೂಳೆಬ್ಬಿಸುವ ರ‍್ಯಾಲಿಗಳನ್ನು ಕಂಡವನು. 2017ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಒಂದು ಸುತ್ತು ಅಲ್ಲೇ ನಡೆದಾಗ ತೋಟದ ಬೇಲಿಯ ಪಕ್ಕ ನಿಂತು ನೋಡಿದವನು. ಈಗ ಅವನಿಗೆ 'ಟ್ರ್ಯಾಕ್ ಡೇ'ಯ ಹುಚ್ಚು. ರೇಸ್ ಇಲ್ಲದ ದಿನ ಶುಲ್ಕ ಕಟ್ಟಿಸಿಕೊಂಡು ಟ್ರ್ಯಾಕನ್ನು ಸಾಮಾನ್ಯ ಕಾರಿನವರಿಗೆ ಬಿಟ್ಟುಕೊಡುವ ಪದ್ಧತಿ ಇದು. ಬಹುಮಾನವಿಲ್ಲ, ಎದುರಿನಿಂದ ಲಾರಿ ಬರುವ ಭಯವಿಲ್ಲ. ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ತಮಿಳುನಾಡಿಗೆ: ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಇಲ್ಲವೇ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ 1990ರಲ್ಲಿ ಆರಂಭವಾದ, ಸುಮಾರು 3.7 ಕಿಲೋಮೀಟರ್ ಉದ್ದದ ಟ್ರ್ಯಾಕಿಗೆ.

ಅಲ್ಲಿನ ಲೆಕ್ಕ ಬೇರೆ. ನೇರ ದಾರಿಯ ಕೊನೆಯಲ್ಲಿ ಗಂಟೆಗೆ 140 ಕಿಲೋಮೀಟರಿನಿಂದ 60ಕ್ಕೆ ವೇಗ ಇಳಿಸಿದರೆ ಆ ಒಂದೇ ಒತ್ತಿಗೆ 7.4 ಲಕ್ಷ ಜೂಲ್ ಹುಟ್ಟುತ್ತದೆ. ಅಂಥ ಹನ್ನೊಂದು ಒತ್ತು ಸೇರಿದರೆ ಇಡೀ ಕೆಮ್ಮಣ್ಣುಗುಂಡಿ ಇಳಿದ ಹಾಗೆ. ಘಾಟಿ ಒಂದು ಗಂಟೆಯಲ್ಲಿ ನಿಧಾನವಾಗಿ ಕೊಡುವ ಶಾಖವನ್ನು ಟ್ರ್ಯಾಕು ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ, ತಣಿಯಲು ಬಿಡುವು ಕೊಡುವುದಿಲ್ಲ. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನದು ಪಿಸ್ಟನ್ನಿಗೆ, ಪಿಸ್ಟನ್ನಿನದು ಅದರ ಬೆನ್ನಿಗಿರುವ ದ್ರವಕ್ಕೆ. ಪೆಡಲಿಗೂ ಚಕ್ರಕ್ಕೂ ನಡುವೆ ಇರುವುದು ಈ ದ್ರವವೊಂದೇ.

ಹೊರಡುವ ಮುಂಚಿನ ಶನಿವಾರ ಹುಡುಗ ಗ್ಯಾರೇಜಿಗೆ ಹೋಗುತ್ತಾನೆ. "ಅಣ್ಣಾ, ಒಳ್ಳೇದೊಂದು ಬ್ರೇಕ್ ಆಯಿಲ್ ಹಾಕ್ಬಿಡಿ." "ಯಾವ್ದು ಹಾಕ್ಲಪ್ಪಾ, ತ್ರೀನಾ, ಫೋರಾ?" ಎಂದು ಮೆಕ್ಯಾನಿಕ್ ಕೇಳುತ್ತಾನೆ. "ಯಾವ್ದು ಜಾಸ್ತಿ ನಂಬರ್ರೋ ಅದೇ ಹಾಕಿ." ರಾಜ್ಯದ ಯಾವ ಗ್ಯಾರೇಜಿನಲ್ಲಾದರೂ ಕೇಳಬಹುದಾದ ಮಾತು ಇದು. ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ಮೊದಲಿಗೆ, ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಹಿಂದೊಮ್ಮೆ ಎಣ್ಣೆಯೇ ಆಗಿತ್ತು. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇದ್ದ ಡ್ಯೂಸೆನ್‌ಬರ್ಗ್ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1921ರಲ್ಲಿ. ಆ ಕಾಲದ ಬ್ರೇಕ್ ದ್ರವಗಳಲ್ಲಿ ಹರಳೆಣ್ಣೆಗೆ ಮದ್ಯಸಾರ ಬೆರೆಸಿದ್ದು ಸಾಮಾನ್ಯವಾಗಿತ್ತು. ನಮ್ಮ ಅಜ್ಜಿಯರು ತಲೆಗೆ, ಹೊಟ್ಟೆಗೆ ಬಳಸುತ್ತಿದ್ದ ಅದೇ ಹರಳೆಣ್ಣೆ. ಈಗಿನದು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕ, ಮೇಲ್ದರ್ಜೆಯದಾದರೆ ಜೊತೆಗೆ ಬೋರೇಟ್ ಎಸ್ಟರ್. ಹೆಸರು ಕೇಳಿ ಮೋಸಹೋಗಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಒಂದು ಚಮಚ ಸುರಿದರೂ ಒಳಗಿನ ರಬ್ಬರ್ ವಾಷರುಗಳು ಊದಿಕೊಂಡು ಬ್ರೇಕಿನ ಕಥೆ ಮುಗಿಯುತ್ತದೆ. ಇತ್ತ ನಿಜವಾದ ಬ್ರೇಕ್ ದ್ರವ ಬಾನೆಟ್ಟಿನ ಮೇಲೆ ಚೆಲ್ಲಿದರೆ ಬಣ್ಣ ಕಿತ್ತು ಬರುತ್ತದೆ. ಚೆಲ್ಲಿದ್ದನ್ನು ತಕ್ಷಣ ನೀರು ಹಾಕಿ ತೊಳೆಯಬೇಕು.

ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ 'ಡಾಟ್' ಚುಕ್ಕೆಯಲ್ಲ. ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಆ ಇಲಾಖೆ ಬರೆದ ನಿಯಮವನ್ನೇ ಈಗ ಪ್ರಪಂಚವೆಲ್ಲ ಆಡಿಕೊಳ್ಳುತ್ತದೆ. ಅದರ ಪ್ರಕಾರ ಡಾಟ್ 3 ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಇದನ್ನು ಒಣ ಕುದಿಬಿಂದು ಎನ್ನುತ್ತಾರೆ. ಡಬ್ಬಿಯ ಮುಖದ ಮೇಲೆ ಮೆರೆಯುವುದು, ಅಂಗಡಿಯವ ಬಾಯಿಪಾಠ ಹೇಳುವುದು ಈ ಅಂಕಿಯನ್ನೇ.

ಅದೇ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಅದು ತೇವ ಕುದಿಬಿಂದು. ದ್ರವದಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದು ಎಷ್ಟು ಬಿಸಿಗೆ ಕುದಿಯುತ್ತದೆ ಎಂಬ ಲೆಕ್ಕ. ಡಾಟ್ 3ಕ್ಕೆ ಆಗ ಉಳಿಯುವುದು 140 ಡಿಗ್ರಿ, ಡಾಟ್ 4ಕ್ಕೆ 155, ಡಾಟ್ 5.1ಕ್ಕೆ 180. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರು ಅರವತ್ತೈದರಿಂದ ಎಂಬತ್ತು ಡಿಗ್ರಿಯನ್ನು ತಿಂದುಹಾಕಿತು.

ಬಿಗಿಯಾಗಿ ಮುಚ್ಚಿದ ಪೈಪಿನೊಳಕ್ಕೆ ನೀರು ಎಲ್ಲಿಂದ ಬಂತು? ಮಲೆನಾಡಿನ ಅಡುಗೆಮನೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಮುಚ್ಚಳ ಹಾಕಲು ಮರೆತ ಉಪ್ಪಿನ ಭರಣಿಯಲ್ಲಿ ಬೆಳಗಾಗುವಷ್ಟರಲ್ಲಿ ನೀರಾಡುತ್ತದೆ, ಹಪ್ಪಳ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಗ್ಲೈಕಾಲಿನ ಗುಣವೂ ಅದೇ. ಗಾಳಿಯ ತೇವವನ್ನು ಕರೆದು ಒಳಗೆ ಕೂರಿಸಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳದ ಸಣ್ಣ ಉಸಿರುಕಂಡಿಯಿಂದ, ರಬ್ಬರ್ ಪೈಪಿನ ಗೋಡೆಯ ಮೂಲಕವೇ ಕೂಡ, ತೇವ ನುಸುಳುತ್ತಿರುತ್ತದೆ. ಹವೆ, ಬಳಕೆ ನೋಡಿಕೊಂಡು ವರ್ಷಕ್ಕೆ ಶೇಕಡಾ ಒಂದೆರಡರಷ್ಟು ನೀರು ಸೇರುತ್ತದೆ ಎಂಬುದು ರೂಢಿಯ ಲೆಕ್ಕ. ಕಾರು ತಯಾರಕರು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ಕಾರು ಓಡದೆ ಶೆಡ್ಡಿನಲ್ಲಿದ್ದರೂ ಈ ಲೆಕ್ಕ ನಿಲ್ಲುವುದಿಲ್ಲ. ಕಿಲೋಮೀಟರ್ ನೋಡಿ ಎಂಜಿನ್ ಆಯಿಲ್ ಬದಲಿಸುವವರು ಬ್ರೇಕ್ ದ್ರವವನ್ನು ನೋಡಬೇಕಾದದ್ದು ಕ್ಯಾಲೆಂಡರಿನಲ್ಲಿ.

ನೀರು ಸೇರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ದ್ರವ ನೀರನ್ನು ತನ್ನೊಳಗೆ ಕರಗಿಸಿಕೊಳ್ಳದಿದ್ದರೆ ಅದು ಬೇರೆಯಾಗಿ, ತಗ್ಗಿನ ಜಾಗದಲ್ಲಿ, ಎಂದರೆ ಅತಿ ಹೆಚ್ಚು ಬಿಸಿಯಾಗುವ ಕ್ಯಾಲಿಪರಿನಲ್ಲಿಯೇ ಹನಿಹನಿಯಾಗಿ ನಿಲ್ಲುತ್ತದೆ. ನೂರು ಡಿಗ್ರಿ ದಾಟಿದ ಕೂಡಲೇ ಆವಿ. ಡಾಟ್ 5 ಎಂಬ ದ್ರವದ ಅವಸ್ಥೆ ಇದು. ಅದು ಗ್ಲೈಕಾಲ್ ಅಲ್ಲ, ಸಿಲಿಕೋನ್. ನೇರಳೆ ಬಣ್ಣ. ಕಾರಿನ ಬಣ್ಣ ಕೆಡಿಸುವುದಿಲ್ಲ, ತೇವ ಎಳೆಯುವುದಿಲ್ಲ. ವರ್ಷಗಟ್ಟಲೆ ನಿಂತೇ ಇರುವ ಹಳೆಯ ಕಾರುಗಳಿಗೆ, ಸೇನೆಯ ವಾಹನಗಳಿಗೆ ಹೇಳಿಸಿದ್ದು. ಆದರೆ ಬಿಸಿಯಲ್ಲಿ ಸ್ವಲ್ಪ ಅದುಮಿಕೊಳ್ಳುತ್ತದೆ, ಪೆಡಲು ಮೆತ್ತಗಾಗುತ್ತದೆ, ಎಬಿಎಸ್ ಇರುವ ಕಾರಿಗೆ ಸಲ್ಲುವುದಿಲ್ಲ, ಬೇರೆ ಡಾಟ್‌ಗಳ ಜೊತೆ ಬೆರೆಯುವುದೂ ಇಲ್ಲ. 'ಜಾಸ್ತಿ ನಂಬರ್' ಕೇಳಿದ ಹುಡುಗನಿಗೆ ಯಾರಾದರೂ ಪ್ರಾಮಾಣಿಕವಾಗಿ 5 ತಂದು ಸುರಿದರೆ ಅನಾಹುತ. 5 ಬೇರೆ, 5.1 ಬೇರೆ. 5.1 ಎಂದರೆ 4ರ ಹಾಗೆ ಗ್ಲೈಕಾಲ್ ಜಾತಿಯದೇ. ಇಂಥ ಹೆಸರಿಟ್ಟ ಪುಣ್ಯಾತ್ಮರಿಗೆ ಗ್ಯಾರೇಜಿನ ಅನುಭವ ಇದ್ದಂತಿಲ್ಲ.

ಇನ್ನು ದ್ರವ ಕುದಿದರೆ ಆಗುವುದೇನು? ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಒಂದು ಹನಿ ನೀರು ಆವಿಯಾದರೆ ಸುಮಾರು 1700 ಪಟ್ಟು ಜಾಗ ಕೇಳುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚಾಗಿ ಪ್ಯಾಡಿನವರೆಗೆ ಏನೂ ತಲುಪುವುದಿಲ್ಲ. ಪೆಡಲು ಸ್ಪಂಜಿನಂತೆ ಒಳಗೆ ಹೋಗಿ ನೆಲ ಮುಟ್ಟುತ್ತದೆ. ಎಬಿಎಸ್ ಆಗಲಿ, ಏರ್‌ಬ್ಯಾಗ್ ಆಗಲಿ ಆ ಗಳಿಗೆಯಲ್ಲಿ ಬ್ರೇಕ್ ತಂದುಕೊಡಲಾರವು.

ಇದರಲ್ಲೊಂದು ಕುಹಕವಿದೆ. ಬ್ರೇಕನ್ನು ಬಲವಾಗಿ ಒತ್ತಿರುವಾಗ ಪೈಪಿನೊಳಗೆ ವಾತಾವರಣದ ಹತ್ತಾರು ಪಟ್ಟು ಒತ್ತಡವಿರುತ್ತದೆ. ಪ್ರೆಷರ್ ಕುಕ್ಕರಿನ ಹಾಗೆ, ಆ ಒತ್ತಡದಲ್ಲಿ ದ್ರವ ಕುದಿಯಲು ಹಿಂಜರಿಯುತ್ತದೆ. ಕಾಲು ತೆಗೆದ ಕೂಡಲೇ ಒತ್ತಡ ಇಳಿದು ಗುಳ್ಳೆ ಏಳುತ್ತದೆ. ಹೀಗಾಗಿ ಕೈಕೊಡುವುದು ಈಗ ಒತ್ತಿರುವ ಬ್ರೇಕಲ್ಲ, ಮುಂದಿನ ತಿರುವಿನ ಬ್ರೇಕು. ಇನ್ನೂ ಕೆಟ್ಟದ್ದು ನಿಂತಾಗ. ಓಡುವ ಕಾರಿನ ಡಿಸ್ಕಿಗೆ ಗಾಳಿ ಬೀಸುತ್ತಿರುತ್ತದೆ. ನಿಲ್ಲಿಸಿದರೆ ಗಾಳಿಯೂ ನಿಂತು, ಕಾದ ಡಿಸ್ಕಿನ ಬಿಸಿಯೆಲ್ಲ ಕ್ಯಾಲಿಪರಿಗೆ ಇಳಿಯುತ್ತದೆ. ಘಾಟಿಯನ್ನು ಬ್ರೇಕಿನ ಮೇಲೆಯೇ ಇಳಿದು, ಕಲ್ಹತ್ತಿಗಿರಿಯಲ್ಲಿ ಕಾರು ನಿಲ್ಲಿಸಿ, ಜಲಪಾತ ನೋಡಿ, ಕಾಫಿ ಕುಡಿದು, ಮತ್ತೆ ಹೊರಟಾಗ ಮೊದಲ ತಿರುವಿನಲ್ಲಿ ಪೆಡಲು ಕೆಳಗೆ ಹೋದರೆ 'ಈಗ ತಾನೇ ಸರಿ ಇತ್ತಲ್ಲ' ಎಂದು ಗಾಬರಿಯಾಗುವವರಿಗೆ ಕಾರಣ ಹೊಳೆಯುವುದೇ ಇಲ್ಲ. ಹಾಗಾದಾಗ ಮಾಡಬೇಕಾದದ್ದು ಪೆಡಲನ್ನು ಬೇಗ ಬೇಗ ಪಂಪ್ ಮಾಡುವುದು, ಗೇರು ಇಳಿಸುವುದು, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುವುದು. ತಿಳಿದ ಟ್ರ್ಯಾಕಿನವರು ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಸುತ್ತಿ ಗಾಳಿಗೆ ತಣಿಸಿಯೇ ಒಳಗೆ ಬರುತ್ತಾರೆ. ನಿಲ್ಲಿಸಿದ ಮೇಲೂ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೊಂದು ಕಟ್ಟೆ ಕೊಡುತ್ತಾರೆ.

ಹಾಗೆಂದು ಬ್ರೇಕ್ ಹಿಡಿಯದಿದ್ದಾಗಲೆಲ್ಲ ದ್ರವವನ್ನೇ ದೂರುವಂತಿಲ್ಲ. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲವಾದರೆ ಅದು ಪ್ಯಾಡು ಕಾದು ಹಿಡಿತ ಕಳೆದುಕೊಂಡ ಲಕ್ಷಣ. ಪೆಡಲು ಮೆತ್ತಗಾಗಿ ಆಳಕ್ಕೆ ಹೋದರೆ ದ್ರವದ್ದು. ಮೊದಲನೆಯದಕ್ಕೆ ಎಷ್ಟು ದುಬಾರಿ ದ್ರವ ತಂದು ಹಾಕಿದರೂ ಪ್ರಯೋಜನವಿಲ್ಲ. ಒಳ್ಳೆಯ ದ್ರವದಿಂದ ಬ್ರೇಕು ಹೆಚ್ಚು ಹಿಡಿಯುವುದಿಲ್ಲ. ಇರುವ ಹಿಡಿತ ಹದಿನೈದನೇ ನಿಮಿಷದಲ್ಲೂ ಉಳಿದಿರುತ್ತದೆ, ಅಷ್ಟೇ.

ಹಾಗಾದರೆ ಹುಡುಗ ಯಾವುದನ್ನು ಕೊಳ್ಳಬೇಕು? ಮೊದಲ ಸಲ ಟ್ರ್ಯಾಕಿಗೆ ಇಳಿಯುವವನು, ಹಗುರ ಕಾರು, ಹತ್ತು-ಹದಿನೈದು ನಿಮಿಷದ ಸರದಿ ಎಂದಾದರೆ ಹೆಸರುವಾಸಿ ಕಂಪನಿಯ ಡಾಟ್ 4, ಅಥವಾ ಕಾರಿನ ಕೈಪಿಡಿ ಒಪ್ಪಿದರೆ 5.1, ಧಾರಾಳ ಸಾಕು. ಒಂದೇ ಷರತ್ತು: ಅದು ಹೋಗುವ ವಾರ ಹಾಕಿಸಿದ್ದಾಗಿರಬೇಕು. ಮೂರು ಮಳೆಗಾಲ ಕಂಡ ದುಬಾರಿ ದ್ರವಕ್ಕಿಂತ ನಿನ್ನೆ ಹಾಕಿಸಿದ ಸಾದಾ ಡಾಟ್ 4 ಮೇಲು. 230 ಎಲ್ಲಿ, 155 ಎಲ್ಲಿ!

ರುಚಿ ಹತ್ತಿ, ಕೈ ಕುದುರಿ, ತಡವಾಗಿ ಬಲವಾಗಿ ಬ್ರೇಕ್ ಒತ್ತುವುದು ಅಭ್ಯಾಸವಾದ ಮೇಲೆ ರೇಸಿಗೆಂದೇ ಮಾಡಿದ ದ್ರವಗಳ ಕಡೆ ನೋಡಬಹುದು. ಮೋಟುಲ್ ಕಂಪನಿಯ ಆರ್‌ಬಿಎಫ್ 600ಕ್ಕೆ ಒಣ ಕುದಿಬಿಂದು ಸುಮಾರು 312 ಡಿಗ್ರಿ, ತೇವದ್ದು ಸುಮಾರು 205. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ಗೆ ಒಣದ್ದು 320, ತೇವದ್ದು 270. ಡಬ್ಬಿಯ ಮುಖ ನೋಡುವವನಿಗೆ 312ಕ್ಕೂ 320ಕ್ಕೂ ನಡುವೆ ಏನೂ ವ್ಯತ್ಯಾಸವಿಲ್ಲ. ಬೆಲೆ ನೋಡಿದರೆ ಎರಡನೆಯದು ಹಲವು ಪಟ್ಟು ಹೆಚ್ಚು. 'ಎಂಟು ಡಿಗ್ರಿಗೆ ಇಷ್ಟು ದುಡ್ಡೇ' ಎಂದು ಅವನು ಬೆಚ್ಚುತ್ತಾನೆ. ಆ ದುಡ್ಡು ಎಂಟು ಡಿಗ್ರಿಗಲ್ಲ, ಹಿಂದಿನ ಸಣ್ಣಕ್ಷರದ ಅರವತ್ತೈದು ಡಿಗ್ರಿಗೆ. ಎಸ್‌ಆರ್‌ಎಫ್‌ನಲ್ಲಿರುವುದು ಸಿಲಿಕಾನ್ ಎಸ್ಟರ್. ಡಾಟ್ 5ರ ಸಿಲಿಕೋನಿಗೂ ಇದಕ್ಕೂ ಸಂಬಂಧವಿಲ್ಲ. ನೀರು ಸೇರಿದರೂ ಅದು ಬೇಗ ಸೋಲುವುದಿಲ್ಲ.

ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಇರಲಿ.

ಪ್ರತಿ ಟ್ರ್ಯಾಕ್ ದಿನಕ್ಕೂ ಮುಂಚೆ ದ್ರವ ಬದಲಿಸುವ ಶಿಸ್ತು ಇರುವವನಿಗೆ ಮೊದಲನೆಯದು ಲಾಭ. ಹೊಸದಿದ್ದಾಗ ಎರಡೂ ಒಂದೇ. ವರ್ಷಕ್ಕೊಮ್ಮೆ ಬದಲಿಸಿ ಅದೇ ಕಾರಿನಲ್ಲಿ ದಿನವೂ ಓಡಾಡುವವನಿಗೆ, ಭಾರದ ಕಾರಿನವನಿಗೆ ಎರಡನೆಯದೇ ಅಗ್ಗವಾದೀತು. ರೇಸ್ ದ್ರವ ಹಾಕಿಸಿಕೊಂಡೆ, ಇನ್ನು ಐದು ವರ್ಷ ಆ ಕಡೆ ನೋಡಬೇಕಾಗಿಲ್ಲ ಎಂದು ಮುಚ್ಚಳ ಹಾಕುವುದು ಮಾತ್ರ ಶುದ್ಧ ತಪ್ಪು. ರೇಸಿನವರು ಅದನ್ನು ಆಗಾಗ ಚೆಲ್ಲಿ ಹೊಸದು ತುಂಬುತ್ತಾರೆ ಎಂಬ ನಂಬಿಕೆಯ ಮೇಲೆಯೇ ಅಂಥ ದ್ರವಗಳು ತಯಾರಾಗುತ್ತವೆ.

ನಮ್ಮ ಹುಡುಗನಿಗೆ ಇನ್ನೊಂದು ತೊಡಕಿದೆ. ಟ್ರೇಲರಿನ ಮೇಲೆ ಕಾರು ಹೇರಿಕೊಂಡು ಹೋಗುವ ಶ್ರೀಮಂತ ಅವನಲ್ಲ. ತರೀಕೆರೆಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ಓಡಿಸಿಕೊಂಡು ಹೋಗಿ, ಟ್ರ್ಯಾಕಿನಲ್ಲಿ ಸುತ್ತಿ, ಅದೇ ಬ್ರೇಕಿನಲ್ಲಿ ಅಷ್ಟೇ ದೂರ ಹಿಂದಿರುಗಬೇಕು. ಒಮ್ಮೆ ಕುದಿದ ದ್ರವ ತಣಿದ ಮೇಲೆ ಪೆಡಲು ಮೊದಲಿನಂತೆ ಗಟ್ಟಿಯಾಗಿ ಸಿಕ್ಕರೂ ನಂಬುವಂತಿಲ್ಲ. ಅಷ್ಟು ಬಿಸಿಗೆ ಒಮ್ಮೆ ಸೋತ ದ್ರವ ಮತ್ತೊಮ್ಮೆ ಸೋಲಲು ಅಂಥದೇ ಸಂದರ್ಭ ಸಾಕು. ಪೆಡಲು ಒಮ್ಮೆಯಾದರೂ ಮೆತ್ತಗಾಯಿತೆಂದರೆ ಆ ದಿನದ ಸುತ್ತು ಮುಗಿಸಿ, ಏರ್ ತೆಗೆಸಿಯೇ ಹೆದ್ದಾರಿ ಹತ್ತಬೇಕು. ಇದಕ್ಕೆಂದು ಸೀಲು ಒಡೆಯದ ಒಂದು ಅರ್ಧ ಲೀಟರ್ ಡಬ್ಬಿ, ಒಂದು ಪಾರದರ್ಶಕ ಪೈಪು, ನಿಪ್ಪಲಿಗೆ ಕೂರುವ ಸ್ಪ್ಯಾನರು ಡಿಕ್ಕಿಯಲ್ಲಿದ್ದರೆ ಸಾಕು.

ಬದಲಿಸುವ ಕೆಲಸವೂ ಆಯ್ಕೆಯಷ್ಟೇ ಮುಖ್ಯ. ಮೇಲಿನ ಡಬ್ಬಿಯಿಂದ ಕಪ್ಪಾದದ್ದನ್ನು ಸಿರಿಂಜಿನಲ್ಲಿ ಹೀರಿ, ಹೊಸದು ತುಂಬಿ 'ಆಯ್ತು ನೋಡಪ್ಪಾ' ಎನ್ನುವ ಮೆಕ್ಯಾನಿಕ್ಕುಗಳಿದ್ದಾರೆ. ಮೇಲೆ ಹೊಳೆಯುವ ಹೊಸ ದ್ರವ, ಕಾಯುವ ಜಾಗದಲ್ಲಿ ಹಳೆಯದೇ. ನಾಲ್ಕೂ ಚಕ್ರದ ನಿಪ್ಪಲಿನಿಂದ ಸ್ವಚ್ಛ ದ್ರವ ಬರುವವರೆಗೆ, ಗುಳ್ಳೆ ನಿಲ್ಲುವವರೆಗೆ ಹರಿಸಬೇಕು. ಒಬ್ಬ ಒಳಗೆ ಕೂತು ಪೆಡಲು ಒತ್ತುವುದು, ಇನ್ನೊಬ್ಬ ಚಕ್ರದ ಬಳಿ ಕೂತು "ಒತ್ತಿ, ಹಿಡ್ಕಳಿ, ಈಗ ಬಿಡಿ" ಎನ್ನುವುದು. ನಡುವೆ ಮೇಲಿನ ಡಬ್ಬಿ ಬರಿದಾದರೆ ಗಾಳಿ ಹೊಕ್ಕು ಕೆಲಸ ಮೊದಲಿನಿಂದ. ಹಳೆಯ ಕಾರಾದರೆ ಪೆಡಲನ್ನು ನೆಲದವರೆಗೆ ತುಳಿಯಬಾರದು. ಮಾಸ್ಟರ್ ಸಿಲಿಂಡರಿನಲ್ಲಿ ದಿನವೂ ಸಾಗದ ದೂರಕ್ಕೆ ವಾಷರು ಸಾಗಿ, ಅಲ್ಲಿ ಕಟ್ಟಿರುವ ತುಕ್ಕಿಗೆ ಉಜ್ಜಿ ಹರಿಯುತ್ತದೆ. ಕೆಲವು ಎಬಿಎಸ್ ಕಾರುಗಳಿಗೆ ಕಂಪ್ಯೂಟರ್ ಜೋಡಿಸದೆ ಒಳಗಿನದೆಲ್ಲ ಹೊರಬರುವುದಿಲ್ಲ. ಹಾಗಿದ್ದಲ್ಲಿ ಅದನ್ನು ಬಲ್ಲ ಕಡೆಗೇ ಒಯ್ಯಬೇಕು.

ಉಳಿದ ದ್ರವವನ್ನು 'ಮುಂದಿನ ಸಲಕ್ಕಾಯಿತು' ಎಂದು ಶೆಡ್ಡಿನ ಅಟ್ಟದ ಮೇಲೆ ಇಡುವುದು ನಮ್ಮವರ ಜಾಯಮಾನ. ಸೀಲು ಒಡೆದ ಡಬ್ಬಿ ಎಂದರೆ ಮುಚ್ಚಳ ತೆಗೆದ ಉಪ್ಪಿನ ಭರಣಿ. ಒಂದು ಲೀಟರಿನ ಡಬ್ಬಿಗಿಂತ ಅರ್ಧ ಲೀಟರಿನವು ಎರಡು ಕೊಳ್ಳುವುದು ಜಾಣತನ. ಬಣ್ಣ ನೋಡಿ ದ್ರವದ ಯೋಗ್ಯತೆ ಹೇಳುವವರನ್ನೂ ಪೂರ್ತಿ ನಂಬಬೇಕಿಲ್ಲ. ಕಪ್ಪಾದದ್ದು ಹಳೆಯದೆಂಬುದು ನಿಜ. ಆದರೆ ಜೇನಿನ ಬಣ್ಣಕ್ಕಿರುವ ದ್ರವದಲ್ಲೂ ನೀರು ಕಾಣದಂತೆ ಕರಗಿರುತ್ತದೆ.

ಟ್ರ್ಯಾಕಿನ ಕನಸೂ ಕಾಣದ, ಸಂತೆಗೆ, ಮದುವೆಗೆ, ವರ್ಷಕ್ಕೆರಡು ಸಲ ಘಾಟಿಗೆ ಹೋಗುವ ಕಾರಿನವರಿಗೆ ರೇಸ್ ದ್ರವದ ಗೊಡವೆ ಬೇಡ. ಕೈಪಿಡಿಯಲ್ಲಿ ಹೇಳಿದ ಡಾಟ್ ಸಾಕು. ಕೈಪಿಡಿ ಎರಡು ವರ್ಷ ಎಂದಿದ್ದರೂ ಈ ಸೀಮೆಯ ಮಳೆಗೆ ಒಂದೇ ವರ್ಷ ಎಂದುಕೊಳ್ಳುವುದು ಲೇಸು. ಅದಕ್ಕೆ ಹದವಾದ ದಿನ ನಮ್ಮ ಪಂಚಾಂಗದಲ್ಲೇ ಇದೆ. ಮಳೆ ಹಿಂದಾಗಿ ಗಾಳಿ ಒಣಗತೊಡಗಿದ ಹೊತ್ತಿಗೇ ಆಯುಧಪೂಜೆ ಬರುತ್ತದೆ. ಆಗ ಎಲ್ಲರೂ ಕಾರು ತೊಳೆಸುತ್ತಾರೆ, ಚೆಂಡುಹೂ ಕಟ್ಟುತ್ತಾರೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಅದಕ್ಕೆ ನಾಲ್ಕು ದಿನ ಮುಂಚೆ ಗ್ಯಾರೇಜಿನಲ್ಲಿ ಒಂದು ಗಂಟೆ ನಿಲ್ಲಿಸಿ ನಾಲ್ಕೂ ಚಕ್ರದ ದ್ರವ ಬದಲಿಸಿಸಿ, ತಾರೀಖು ಬರೆದ ಚೀಟಿಯೊಂದನ್ನು ಬ್ರೇಕ್ ಆಯಿಲ್ ಡಬ್ಬಿಯ ಪಕ್ಕ ಅಂಟಿಸಿಟ್ಟರೆ, ಮುಂದಿನ ದಸರೆಗೆ ಮೆಕ್ಯಾನಿಕ್ ಕೇಳುವ ಮೊದಲೇ ಉತ್ತರ ಸಿದ್ಧವಿರುತ್ತದೆ.